ಸೇವೆಗೆ ಸಂಬಳ ಯಾಕೆ ಎಂದು ಕೇಳುವ ಮುನ್ನ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತೊಡುತ್ತಿದ್ದ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ, ಸನ್ಯಾಸಿಯಾದ ತಮಗೆ ಅದು ಬೇಡವೆಂದು ವಿನಯದಿಂದ ಪತ್ರ ಬರೆದರು. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟಾಗ ಸೈನಿಕ ಶಾಲೆಯ ಆವರಣದಲ್ಲಿ ಸೇರಿದ ಜನಸಾಗರವನ್ನು ಕಂಡವರಿಗೆ, ಈ ಸೀಮೆಯಲ್ಲಿ ಸೇವೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಗೌರವ ನನಗೂ ಇದೆ. ತೊಡಕಿರುವುದು ಬೇರೆ ಕಡೆ. ಆ ಅಂಗಿಯ ಅಳತೆಯನ್ನೇ ನಾವು ಸೇವಾ ಸಂಸ್ಥೆಗಳಲ್ಲಿ ದುಡಿಯುವ ಪ್ರತಿಯೊಬ್ಬರ ಮೈಗೂ ಹಿಡಿದು ನೋಡುತ್ತೇವೆ. ಬಾಡಿಗೆ ಮನೆಯಲ್ಲಿದ್ದುಕೊಂಡು, ದಿನಾ ಎರಡು ಬಸ್ ಬದಲಿಸಿ ಹಳ್ಳಿಗೆ ಹೋಗಿಬರುವ, ತಮ್ಮನ ಕಾಲೇಜು ಶುಲ್ಕವನ್ನೂ ತಾನೇ ಕಟ್ಟಬೇಕಾದ ಕಾರ್ಯಕರ್ತೆಗೆ ‘ಸೇವೆ ಎನ್ನುತ್ತೀರಿ, ಮತ್ತೆ ಪಗಾರವನ್ನೂ ತೆಗೆದುಕೊಳ್ಳುತ್ತೀರಲ್ಲ’ ಎಂದು ಚುಚ್ಚುತ್ತೇವೆ. ಸನ್ಯಾಸಿಗೆ ಆಶ್ರಮವಿದೆ, ಪ್ರಸಾದಕ್ಕೆ ಭಕ್ತರಿದ್ದಾರೆ, ಸಂಸಾರದ ಹೊಣೆಯಿಲ್ಲ. ಈಕೆ ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರ್ ತರಿಸಬೇಕು.

ಚುಚ್ಚುಮಾತು ಹೋಗಲಿ ಎನ್ನಬಹುದು. ಆದರೆ ಅದರ ಹಿಂದಿನ ತಿಳಿವಳಿಕೆಯೇ ದಾನಿಗಳ ಬಜೆಟ್ಟಿನಲ್ಲಿ, ಸರ್ಕಾರದ ನಿಯಮದಲ್ಲಿ, ಅಷ್ಟೇ ಏಕೆ, ದೇಶದ ಆದಾಯ ಎಣಿಸುವ ಲೆಕ್ಕದಲ್ಲೂ ಕೂತಿದೆ. ಕೆಲಸ ಮಾಡುವವರ ಸಂಬಳವನ್ನು ಎಲ್ಲರೂ ಕೆಲಸದ ಮೇಲಿನ ಹೊರೆ ಎಂದೇ ಎಣಿಸುತ್ತಾರೆ. ಲಾಭರಹಿತ ಸಂಸ್ಥೆಗಳ ಬಹುಪಾಲು ಕೆಲಸದಲ್ಲಿ ಆ ಸಂಬಳವನ್ನು ತೆಗೆದರೆ ಕೆಲಸವೇ ಉಳಿಯುವುದಿಲ್ಲ. ಇದನ್ನು ಬಿಡಿಸಿ ನೋಡಲು ಸ್ವಲ್ಪ ಇತಿಹಾಸ, ಸ್ವಲ್ಪ ಕಾನೂನು, ಸ್ವಲ್ಪ ಲೆಕ್ಕಪತ್ರ ಮೂರನ್ನೂ ಮುಟ್ಟಬೇಕಾಗುತ್ತದೆ.

ಹಳೆಯ ಜಗಳ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಿಗೆ ದಾನ ಹೊಸದಲ್ಲ. ಸವದತ್ತಿ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ಅವರ ಹೆಸರಿನ ಟ್ರಸ್ಟಿನ ನೆರವಿನಿಂದ ಓದಿದವರು ಈ ಭಾಗದಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ವಚನಗಳನ್ನು ಅಚ್ಚು ಹಾಕಿಸುವ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬುದು ಊರಿಗೆಲ್ಲ ಗೊತ್ತಿರುವ ಮಾತು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದ್ದು ಸಪ್ತರ್ಷಿಗಳೆಂದು ಹೆಸರಾದ ಏಳು ಜನರ ಶ್ರಮದಿಂದ.

ಇಂಥ ಕಥೆಗಳನ್ನು ಹೇಳುವಾಗ ತ್ಯಾಗದ ಭಾಗ ದೊಡ್ಡದಾಗಿ ಕೇಳಿಸುತ್ತದೆ, ದಿನಗೆಲಸದ ಭಾಗ ಕೇಳಿಸುವುದೇ ಇಲ್ಲ. ದೇಸಾಯಿಯವರ ಆಸ್ತಿ ವಿದ್ಯಾರ್ಥಿವೇತನ ಆಗಬೇಕಾದರೆ ಗೇಣಿ ವಸೂಲು ಮಾಡುವ, ಅರ್ಜಿ ಜೋಡಿಸುವ, ಲೆಕ್ಕ ಬರೆಯುವ ಗುಮಾಸ್ತರು ಬೇಕಾಗಿತ್ತು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು, ಗಾಳಿ ಬೀಸುತ್ತಿದ್ದುದು ಪುಣೆಯ ಕಡೆಯಿಂದ. ಅಲ್ಲಿ 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿ ‘ಆಜೀವ ಸದಸ್ಯ’ ಎಂಬ ಪದ್ಧತಿ ತಂದಿತು. ವಿದ್ಯಾವಂತ ತರುಣರು ಸರ್ಕಾರಿ ನೌಕರಿಯ ಆಸೆ ಬಿಟ್ಟು, ಕಡಿಮೆ ಸಂಬಳಕ್ಕೆ ದೀರ್ಘಕಾಲ ದುಡಿಯುವುದಾಗಿ ಒಪ್ಪಿಕೊಳ್ಳಬೇಕು. ಸಂಬಳ ಕಡಿಮೆ ಇತ್ತು, ಆದರೆ ಇತ್ತು. ಆ ಸಂಬಳವನ್ನು ಹೆಚ್ಚಿಸಬೇಕೇ, ಸದಸ್ಯರು ಹೊರಗಿನ ಕೆಲಸದಿಂದಲೂ ಗಳಿಸಬಹುದೇ ಎಂಬ ಪ್ರಶ್ನೆ ಎದ್ದಾಗ ಸಂಸ್ಥೆಯೇ ಎರಡು ಹೋಳಾಯಿತು. ಕೂಡದು ಎಂದು ಹಟ ಹಿಡಿದ ಬಾಲಗಂಗಾಧರ ತಿಲಕರು 1890ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ತಿಲಕರಂಥವರೇ ಹೊರನಡೆದ ಜಗಳ ಇದು. ನೂರಮೂವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ. ನನ್ನ ಒಲವು ಅವರ ಎದುರಾಳಿಗಳ ಕಡೆ. ಕಡಿಮೆ ಸಂಬಳವೇ ನಿಷ್ಠೆಗೆ ಪುರಾವೆ ಎಂದಾದರೆ, ಮನೆಯಲ್ಲಿ ಅನುಕೂಲ ಇರುವವರು ಮಾತ್ರ ನಿಷ್ಠಾವಂತರಾಗಿರಬಲ್ಲರು.

ಲಾಭರಹಿತ ಎಂದರೆ ಹಣವಿಲ್ಲ ಎಂದಲ್ಲ

ಕಾನೂನಿನ ಭಾಗವನ್ನು ಬೇಗ ಮುಗಿಸೋಣ. ಲಾಭರಹಿತ ಸಂಸ್ಥೆ ಎಂದರೆ ಆದಾಯವಿಲ್ಲದ ಸಂಸ್ಥೆ ಅಲ್ಲ. ಅದು ಶುಲ್ಕ ಪಡೆಯಬಹುದು, ವಸ್ತು ಮಾರಬಹುದು, ವರ್ಷದ ಕೊನೆಗೆ ಕೈಯಲ್ಲಿ ಹಣ ಉಳಿಸಿಕೊಳ್ಳಬಹುದು. ಉಳಿದದ್ದನ್ನು ಸದಸ್ಯರು, ಸ್ಥಾಪಕರು ಹಂಚಿಕೊಳ್ಳುವಂತಿಲ್ಲ, ಉದ್ದೇಶಕ್ಕೇ ಮರಳಿ ಹಾಕಬೇಕು. ಬೀಗ ಇರುವುದು ಹಂಚಿಕೆಯ ಬಾಗಿಲಿಗೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಮೂರು ದಾರಿ. ಟ್ರಸ್ಟ್ ಪತ್ರ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಒಂದು. ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟುವುದು ಇನ್ನೊಂದು. ಕಂಪನಿ ಕಾಯ್ದೆಯ 8ನೇ ಕಲಮಿನಡಿ ಲಾಭ ಹಂಚದ ಕಂಪನಿ ಮಾಡುವುದು ಮೂರನೆಯದು. ಆದಾಯ ತೆರಿಗೆ ವಿನಾಯಿತಿಗೆ ಬೇರೆ ನೋಂದಣಿ ಬೇಕು. ಅದು ಸಿಕ್ಕ ಮೇಲೆ ಸಾಮಾನ್ಯವಾಗಿ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಲೇಬೇಕು. ಸಿಬ್ಬಂದಿಗೆ ನ್ಯಾಯವಾದ ಸಂಬಳ ಕೊಡುವುದನ್ನು ಈ ಯಾವ ಕಾನೂನೂ ತಡೆಯುವುದಿಲ್ಲ. ತಡೆಯುವುದು ಟ್ರಸ್ಟಿಯ ಭಾವಮೈದುನನಿಗೆ ಕೆಲಸವಿಲ್ಲದೆ ಸಂಬಳ ಕೊಡುವುದನ್ನು.

ಒಂದು ಸೋಜಿಗವನ್ನು ಇಲ್ಲೇ ಹೇಳಿಬಿಡಬೇಕು. ಎಕರೆಗಟ್ಟಲೆ ಜಾಗದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜು ನಡೆಸುವ ಶಿಕ್ಷಣ ಸಂಸ್ಥೆಯೂ, ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯಲ್ಲಿ ಮೂವರು ಕೂತು ನಡೆಸುವ ಸಂಘವೂ ಕಾನೂನಿನ ಕಣ್ಣಿಗೆ ಒಂದೇ ಜಾತಿ, ಎರಡೂ ಲಾಭರಹಿತ. ಮೊದಲನೆಯದರ ಪ್ರಾಧ್ಯಾಪಕರ ಸಂಬಳದ ಬಗ್ಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ.

ಗುಳೆಯ ಹೊತ್ತಿನಲ್ಲಿ

ಈ ಕೆಲಸ ಹತ್ತಿರದಿಂದ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ವಿಜಯಪುರ ಜಿಲ್ಲೆಯ ಒಂದು ತಾಂಡಾ. ದೀಪಾವಳಿ ಮುಗಿಯುತ್ತಿದ್ದಂತೆ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಗೋವಾ, ಪುಣೆಯ ಕಟ್ಟಡ ಕೆಲಸಕ್ಕೆ, ಕೆಲವರು ಕಬ್ಬು ಕಟಾವಿಗೆ ಗುಳೆ ಹೋಗುತ್ತಾರೆ. ಕಟಾವಿನ ಮುಂಗಡ ಮಳೆಗಾಲದಲ್ಲೇ ಕೈಗೆ ಬಂದಿರುತ್ತದೆ, ಖರ್ಚೂ ಆಗಿರುತ್ತದೆ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಗಂಡ–ಹೆಂಡತಿಯ ಜೋಡಿಯನ್ನೇ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುವ ರೂಢಿ. ಜೋಡಿ ಇದ್ದರೆ ಮುಂಗಡ ದೊಡ್ಡದು. ಹೀಗಾಗಿ ಹುಡುಗನಿಗೆ ಬೇಗ ಮದುವೆ ಮಾಡುವುದು ಅಲ್ಲಿ ಸಂಪ್ರದಾಯದ ಮಾತಷ್ಟೇ ಆಗಿ ಉಳಿಯುವುದಿಲ್ಲ, ಹಣದ ಲೆಕ್ಕವೂ ಆಗುತ್ತದೆ.

ನಮ್ಮ ಕಾರ್ಯಕರ್ತೆ ಆ ತಾಂಡಾಕ್ಕೆ ಬರುವುದು ದೀಪಾವಳಿಗೆ ಎರಡು ತಿಂಗಳು ಮೊದಲು. ಅವಳ ನೋಟುಪುಸ್ತಕದಲ್ಲಿ ಮನೆಗೊಂದು ಪುಟ. ಯಾರು ಹೊರಡುತ್ತಾರೆ, ಯಾವ ಮುಕಾದಮನ (ಕೂಲಿಕಾರರನ್ನು ಕರೆದೊಯ್ಯುವ ಗುತ್ತಿಗೆದಾರನ) ಕೈಯಿಂದ ಮುಂಗಡ, ಮನೆಯಲ್ಲಿ ಉಳಿಯುವವರು ಯಾರು. ಒಂದು ಪುಟದಲ್ಲಿ ಅಜ್ಜಿ ಇದ್ದಾಳೆ, ಆದರೆ ಅವಳಿಗೆ ಕಣ್ಣು ಮಸುಕು, ಅಡುಗೆ ಮಾಡಲಾರಳು. ಹಾಗಾದರೆ ಮಕ್ಕಳಿಬ್ಬರಿಗೆ ಋತುಮಾನದ ವಸತಿ ಶಾಲೆಯಲ್ಲಿ ಜಾಗ ಕೇಳಬೇಕು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಇಷ್ಟು ಮಕ್ಕಳಿದ್ದಾರೆ ಎಂದು ಯಾರೋ ಒಬ್ಬರು ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರ ಮುಂದಿಡದೆ ಅದು ಆರಂಭವಾಗುವುದಿಲ್ಲ. ಮುಂದಿನ ಪುಟದಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿ. ಪ್ರೌಢಶಾಲೆ ಇರುವುದು ಪಕ್ಕದ ಊರಿನಲ್ಲಿ. ಸಂಜೆಯ ಬಸ್ಸು ಶಾಲೆ ಬಿಡುವ ಮೊದಲೇ ಹೋಗಿಬಿಡುತ್ತದೆ, ಮುಂದಿನದು ಬರುವಷ್ಟರಲ್ಲಿ ಕತ್ತಲೆ. ತಂದೆ ಶಾಲೆ ಬಿಡಿಸಿದ್ದಾನೆ. ಶಾಲೆ ಬಿಟ್ಟ ಹುಡುಗಿಯನ್ನು ಮನೆಯಲ್ಲಿ ಒಬ್ಬಳೇ ಬಿಟ್ಟು ಗುಳೆ ಹೋಗುವುದು ಹೇಗೆ ಎಂಬ ಚಿಂತೆ ತಾಯಿಗೆ. ವರ ನೋಡುವ ಮಾತು ಶುರುವಾಗುವುದು ಇಲ್ಲಿಂದ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿದೆ. ಗ್ರಾಮ ಪಂಚಾಯಿತಿಯ ಪಿಡಿಒ, ಶಾಲೆಯ ಮುಖ್ಯೋಪಾಧ್ಯಾಯರು, ತಹಶೀಲ್ದಾರರು ಎಲ್ಲರನ್ನೂ ನಿಷೇಧಾಧಿಕಾರಿಗಳೆಂದು ನೇಮಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ತಂಡ ಬರುತ್ತದೆ. ಆದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಜನ 18 ತುಂಬುವ ಮೊದಲೇ ಮದುವೆಯಾದವರು. ನಾಲ್ಕನೇ ಸಮೀಕ್ಷೆಯಲ್ಲಿ ಈ ಅಂಕಿ 21.4 ಇತ್ತು. ನಡುವೆ ಐದು ವರ್ಷ ಕಳೆದರೂ ಅಂಕಿ ಅಲುಗಿದ್ದು ಹೆಚ್ಚೂ ಕಡಿಮೆ ಸೊನ್ನೆ.

ಅಧಿಕಾರಿ ಬರುವುದು ಚಪ್ಪರ ಹಾಕಿದ ಮೇಲೆ. ಆ ಹೊತ್ತಿಗೆ ಬೀಗರು ಬಂದಿರುತ್ತಾರೆ, ಸಾಲ ಆಗಿರುತ್ತದೆ, ಮರ್ಯಾದೆಯ ಪ್ರಶ್ನೆ ಎದ್ದಿರುತ್ತದೆ. ನಿಲ್ಲಿಸಿದ ಮದುವೆ ಬೇರೆ ಊರಿನ ಗುಡಿಯಲ್ಲಿ ಗುಟ್ಟಾಗಿ ನಡೆಯುವುದೂ ಉಂಟು. ಕಾರ್ಯಕರ್ತೆ ಬರುವುದು ಬಸ್ಸಿನ ಸಮಯ ತಪ್ಪಿದಾಗಲೇ. ಊರವರ ಸಹಿ ಹಾಕಿಸಿ ಡಿಪೊ ವ್ಯವಸ್ಥಾಪಕರಿಗೆ ಒಂದು ಅರ್ಜಿ, ಉತ್ತರ ಬಾರದಿದ್ದರೆ ಇನ್ನೊಂದು, ಶಾಸಕರ ಆಪ್ತ ಸಹಾಯಕರಿಗೆ ಫೋನು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಡತೊಡಗಿದರೆ ಆ ಹುಡುಗಿಯ ಜೊತೆ ಅದೇ ದಾರಿಯ ಇನ್ನೂ ನಾಲ್ಕೈದು ಹುಡುಗಿಯರು ಶಾಲೆಗೆ ಮರಳುತ್ತಾರೆ. ನಡುವೆ ತಾಯಿಯ ಜೊತೆ ಹೊಲದ ಬದುವಿನ ಮೇಲೆ ಕೂತು ಆಡಿದ ಮಾತುಗಳಿಗೆ ಲೆಕ್ಕವಿಲ್ಲ. ಈ ಇಡೀ ಕೆಲಸಕ್ಕೆ ಖರ್ಚಾದದ್ದು ಅವಳ ಸಂಬಳ, ಬಸ್ ಚಾರ್ಜು, ಎರಡು ಬಿಳಿ ಹಾಳೆ. ಹಂಚಿದ ವಸ್ತು ಒಂದೂ ಇಲ್ಲ.

ವರ್ಷದ ಕೊನೆಗೆ ಇದನ್ನು ವರದಿಯಲ್ಲಿ ಬರೆಯುವುದು ಹೇಗೆ? ಹಂಚಿದ ನೋಟುಪುಸ್ತಕವನ್ನು ಎಣಿಸಬಹುದು, ಬ್ಯಾನರ್ ಹಿಡಿದು ಫೋಟೋ ತೆಗೆಸಬಹುದು. ನಡೆಯದೇ ಹೋದ ಮದುವೆಗೆ ಫೋಟೋ ಇಲ್ಲ. ಲಾಭರಹಿತ ಕೆಲಸದ ಬೆಲೆ ಕಟ್ಟುವುದು ಕಷ್ಟವಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

2019ರ ಆಗಸ್ಟ್ ಪ್ರವಾಹವನ್ನು ಬೆಳಗಾವಿ, ಬಾಗಲಕೋಟೆಯವರು ಮರೆತಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದ್ದವು. ಮೊದಲ ವಾರ ಲಾರಿಗಟ್ಟಲೆ ಸಾಮಗ್ರಿ ಬಂತು. ನಿಜವಾದ ತೊಳಲಾಟ ಶುರುವಾದದ್ದು ಲಾರಿಗಳು ಹೋದ ಮೇಲೆ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಗೆ 50,000 ರೂಪಾಯಿ ಘೋಷಿಸಿತು. ಯಾವ ಅಕ್ಷರ ಬೀಳುತ್ತದೆ ಎಂಬುದರ ಮೇಲೆ ನಾಲ್ಕೂವರೆ ಲಕ್ಷದ ವ್ಯತ್ಯಾಸ. ಇನ್ನು ಉತಾರ, ಅಂದರೆ ಆಸ್ತಿಯ ದಾಖಲೆ, ನೋಡಿದರೆ ಮನೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ವಾರಸಾ ಆಗಿಲ್ಲ, ಅಣ್ಣತಮ್ಮಂದಿರ ಸಹಿ ಬೇಕು, ಒಬ್ಬ ಮುಂಬೈಯಲ್ಲಿದ್ದಾನೆ. ಇಂಥ ಮನೆಯವರ ಪಕ್ಕದಲ್ಲಿ ಕೂತು ಕಾಗದ ಜೋಡಿಸಿ, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿಕೊಡುವ ಕೆಲಸಕ್ಕೆ ಒಬ್ಬ ತಿಳಿದ ಮನುಷ್ಯನ ಸಮಯ ಬೇಕು. ಬಿಸ್ಕತ್ತಿಗೆ ಹಣ ಕೊಡುವ ದಾನಿಗಳು ಸುಲಭವಾಗಿ ಸಿಗುತ್ತಾರೆ, ಈ ಸಮಯಕ್ಕೆ ಕೊಡುವವರು ಅಪರೂಪ. ಬೀಜಕ್ಕೆ ಹಣ ಕೊಡುತ್ತೇವೆ, ಬಿತ್ತುವವರ ಕೂಲಿಯನ್ನು ಮಾತ್ರ ಕೇಳಬೇಡಿ ಎಂದಂತೆ.

‘ಆಡಳಿತ ವೆಚ್ಚ’ ಎಂಬ ಕಾಲಮು

ಬಜೆಟ್ಟಿನಲ್ಲಿ ಈ ಕೂಲಿ ಎಲ್ಲಿ ಕೂರುತ್ತದೆ ಎಂಬುದೇ ಇಡೀ ವಿಷಯದ ಗಂಟು.

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನಮ್ಮಲ್ಲಿ ಎಲ್ಲರೂ ಎಫ್‌ಸಿಆರ್‌ಎ ಎನ್ನುತ್ತಾರೆ. ಅದರ ಪ್ರಕಾರ ಬಂದ ಹಣದಲ್ಲಿ ಶೇ 50ರವರೆಗೆ ಆಡಳಿತಕ್ಕೆ ಬಳಸಬಹುದಾಗಿತ್ತು. 2020ರ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು. ಕೇಳಿದವರಿಗೆ ಒಳ್ಳೆಯದೇ ಆಯಿತು ಎನಿಸುತ್ತದೆ. ದುಂದುವೆಚ್ಚಕ್ಕೆ ಕಡಿವಾಣ ಬೇಕು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಯಾವುದು ಆಡಳಿತ, ಯಾವುದು ಕೆಲಸ? ಆಸ್ಪತ್ರೆ ನಡೆಸುವ ಸಂಸ್ಥೆಯ ವೈದ್ಯರ ಸಂಬಳ, ಶಾಲೆ ನಡೆಸುವ ಸಂಸ್ಥೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚವಲ್ಲ ಎಂದು ನಿಯಮವೇ ಹೇಳುತ್ತದೆ. ವೈದ್ಯರಿಲ್ಲದೆ ಆಸ್ಪತ್ರೆ ಇಲ್ಲ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಮಾತಾಡುವುದು, ಅಲೆಯುವುದು, ಅರ್ಜಿ ಬರೆಯುವುದು ಇಷ್ಟೇ ಕಾಣುವ ಕಾರ್ಯಕರ್ತೆಯ ಸಂಬಳವೂ ಅದೇ ತರ್ಕದಿಂದ ನೇರ ಸೇವೆಯೇ. ಆದರೆ ಲೆಕ್ಕಪರಿಶೋಧಕರ ಮುಂದೆ ಅದನ್ನು ಸಾಧಿಸಿ ತೋರಿಸುವ ಹೊರೆ ಸಂಸ್ಥೆಯ ಮೇಲೆ ಬೀಳುತ್ತದೆ. ಅಂಜಿದ ಸಂಸ್ಥೆಗಳು ಸಂಬಳವನ್ನೇ ಇಳಿಸುತ್ತವೆ.

ಅದೇ ತಿದ್ದುಪಡಿ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತಾನು ಪಡೆದ ಹಣದಲ್ಲಿ ಪಾಲನ್ನು, ಎಫ್‌ಸಿಆರ್‌ಎ ನೋಂದಣಿ ಇದ್ದ ತಾಲ್ಲೂಕು ಮಟ್ಟದ ಸಣ್ಣ ಸಂಘಕ್ಕೆ ಕೊಡಬಹುದಿತ್ತು. ಈಗ ಆ ಕೊಂಡಿ ಕಳಚಿದೆ. ಹಳ್ಳಿಯ ದಾರಿ ಬಲ್ಲವರಿಗೆ ದೆಹಲಿಯ ಭಾಷೆಯಲ್ಲಿ ಅರ್ಜಿ ಬರೆಯಲು ಬರುವುದಿಲ್ಲ, ಬರೆಯಲು ಬಲ್ಲವರಿಗೆ ಹಳ್ಳಿಯ ದಾರಿ ಗೊತ್ತಿಲ್ಲ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ, ಹಣದ ಕಥೆ ಸ್ವಲ್ಪ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಇಲ್ಲಿ ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ನಿರ್ವಹಣಾ ಖರ್ಚಿಗೆ. ಯೋಜನೆಯನ್ನು ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ ನೇರ ಖರ್ಚು ಅದರಲ್ಲಿ ಸೇರುವುದಿಲ್ಲ. ಹಣ ಪಡೆಯುವ ಸಂಸ್ಥೆಗೂ ಅದೇ ಶೇ 5 ಎಂದು ಎದುರು ಕೂತವರು ಹೇಳಿದರೆ, ನಿಯಮದ ಪ್ರತಿಯನ್ನು ಮುಂದಿಟ್ಟು ಮಾತಾಡುವ ಹಕ್ಕು ಸಂಸ್ಥೆಗಳಿಗಿದೆ. ಅನುದಾನ ಕೈತಪ್ಪೀತು ಎಂಬ ಭಯ ಆ ಹಕ್ಕನ್ನು ಬಾಯಿಗೆ ಬರಗೊಡುವುದಿಲ್ಲ ಎಂಬುದು ಬೇರೆ ಮಾತು.

ಜಿಡಿಪಿಯ ವಿಚಿತ್ರ

ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಈ ಕೆಲಸ ಹೇಗೆ ಸೇರುತ್ತದೆ ಎಂಬುದು ನನ್ನ ಪಾಲಿಗೆ ಇಡೀ ವಿಷಯದ ಅತ್ಯಂತ ವಿಚಿತ್ರ ಭಾಗ. ಮಾರುಕಟ್ಟೆಯ ವಸ್ತುವಿಗೆ ಬೆಲೆ ಇದೆ. ಇಳಕಲ್ ಸೀರೆ ಎಷ್ಟಕ್ಕೆ ಮಾರಾಟವಾಯಿತೋ ಅಷ್ಟು ಉತ್ಪನ್ನ. ಉಚಿತವಾಗಿ ಕೊಡುವ ಸೇವೆಗೆ ಬೆಲೆಯೇ ಇಲ್ಲದ್ದರಿಂದ, ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿ ಅದಕ್ಕೊಂದು ಉಪಾಯ ಮಾಡಿದೆ: ಸೇವೆ ಒದಗಿಸಲು ಎಷ್ಟು ಖರ್ಚಾಯಿತೋ ಅದೇ ಅದರ ಮೌಲ್ಯ. ಆ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ.

ಇದರ ಪರಿಣಾಮ ನೋಡಿ. ಒಂದೇ ಕೆಲಸವನ್ನು ತಿಂಗಳಿಗೆ 24,000 ರೂಪಾಯಿ ಪಡೆದು ಒಬ್ಬಳು ಮಾಡಿದಳು, 12,000 ರೂಪಾಯಿಗೆ ಇನ್ನೊಬ್ಬಳು ಮಾಡಿದಳು ಎಂದುಕೊಳ್ಳಿ. ದೇಶದ ಲೆಕ್ಕಪುಸ್ತಕದಲ್ಲಿ ಎರಡನೆಯವಳ ಕೆಲಸದ ಮೌಲ್ಯ ಅರ್ಧ. ಸಂಬಳವಿಲ್ಲದೆ ಸ್ವಯಂಸೇವಕಿಯಾಗಿ ಮಾಡಿದರೆ ಅವಳ ದುಡಿಮೆ ಆ ಪುಸ್ತಕದಲ್ಲಿ ಸೇರುವುದೇ ಇಲ್ಲ. ತ್ಯಾಗ ಹೆಚ್ಚಿದಷ್ಟೂ ಮೌಲ್ಯ ಇಳಿಯುವ ಲೆಕ್ಕ ಇದು! ಲೆಕ್ಕಿಗರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬೇರೆ ದಾರಿ ಕಡಿಮೆ. ಆದರೆ ‘ದೇಶದ ಆರ್ಥಿಕತೆಗೆ ಇವರ ಕೊಡುಗೆ ಏನು’ ಎಂದು ಅಂಕಿ ಹಿಡಿದು ಕೇಳುವವರಿಗೆ, ಆ ಅಂಕಿ ಹುಟ್ಟಿದ್ದು ಹೇಗೆ ಎಂದು ಗೊತ್ತಿರಬೇಕು.

ಬಲ್ಲವರೇ ಮಾಡಬೇಕಾದ ಕೆಲಸ

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಪಡೆದವರು ಕಲಿತು ಮಾಡಬಹುದಾದ ಕೆಲಸ ಬಹಳ ಇದೆ. ಆದರೆ ಕೆಲವು ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಗುವುದಿಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. 1993–94 ಮತ್ತು 2007–08ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದವು, ಅವರಲ್ಲಿ ಈ ಮೂರು ಜಿಲ್ಲೆಗಳವರೂ ಸಾಕಷ್ಟು. ಸವದತ್ತಿಯ ಯಲ್ಲಮ್ಮನ ಗುಡ್ಡ ಇರುವುದು ಬೆಳಗಾವಿ ಜಿಲ್ಲೆಯಲ್ಲೇ. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವರಿಗೆ ಬಿಡುವುದು, ಬಹಿರಂಗವಾಗಿ ನಿಂತಿತು, ಗುಟ್ಟಾಗಿ ನಡೆಯಿತು. ಯಾವ ಮನೆಯಲ್ಲಿ, ಯಾವ ಹುಣ್ಣಿಮೆಗೆ, ಯಾವ ಮಗುವಿಗೆ ಎಂಬುದು ಪೊಲೀಸರಿಗೆ ತಿಳಿಯುವ ದಾರಿ ಇರಲಿಲ್ಲ.

ಆ ದಾರಿ ಗೊತ್ತಿದ್ದದ್ದು ಅದೇ ಬದುಕನ್ನು ಬಾಳಿದ ಹೆಂಗಸರಿಗೆ. ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಬೆಂಬಲದಿಂದ 1997ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಮಾಸ್ ಎಂದು ಹೆಸರಾದ ಈ ಸಂಸ್ಥೆಯ ಸದಸ್ಯೆಯರು ಮಾಜಿ ದೇವದಾಸಿಯರೇ. ಅದನ್ನು ಮುನ್ನಡೆಸಿದ, ಬಾಲ್ಯದಲ್ಲೇ ದೇವದಾಸಿಯಾಗಿಸಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅವರು ಸ್ವೀಕರಿಸಿದರು. ಅವರ ಜೊತೆ ಬೆಳೆದ ಸ್ವಸಹಾಯ ಸಂಘಗಳು ಇನ್ನೊಂದು ಬಗೆಯ ಪಾಠ. ಸಾಲಕ್ಕಾಗಿ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ ಎಂದಾದಾಗ, ಮಗಳನ್ನು ಗುಡ್ಡಕ್ಕೆ ಕರೆದೊಯ್ಯುವ ಒತ್ತಡವನ್ನು ಎದುರಿಸುವ ಧೈರ್ಯ ಬರುತ್ತದೆ. ಇಂಥ ಹೆಂಗಸಿಗೆ ‘ಸೇವೆಯಾದರೆ ಬಿಟ್ಟಿ ಮಾಡು’ ಎನ್ನಲು ಯಾವ ನಾಲಗೆ ಏಳುತ್ತದೆ? ತಲೆಮಾರುಗಳಿಂದ ಬಿಟ್ಟಿ ದುಡಿಸಿಕೊಂಡ ವ್ಯವಸ್ಥೆಯಿಂದ ಹೊರಬಂದವಳಿಗೆ ತಿಂಗಳ ಸಂಬಳ ಎಂಬುದೇ ಪುನರ್ವಸತಿಯ ಮುಖ್ಯ ಭಾಗ.

ಕಳ್ಳ ಸಂಸ್ಥೆಗಳ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಟ್ಟರೆ ಅನ್ಯಾಯ. ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸಂಸ್ಥೆಗಳು ನೋಂದಾಯಿತವಾಗಿವೆ, ಅವುಗಳಲ್ಲಿ ಹತ್ತರಲ್ಲೊಂದು ಪಾಲೂ ಸರಿಯಾಗಿ ಲೆಕ್ಕ ಸಲ್ಲಿಸುವುದಿಲ್ಲ ಎಂದು 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಮಾಹಿತಿ ನೀಡಿತ್ತು. ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಅಳಿಯ ಖಜಾಂಚಿ ಆಗಿರುವ, ಮುದ್ರೆ ಮತ್ತು ಲೆಟರ್‌ಹೆಡ್ ಬಿಟ್ಟು ಬೇರೇನೂ ಇಲ್ಲದ ಸಂಘಗಳನ್ನು ಯಾರು ಕಂಡಿಲ್ಲ? ಒಂದೇ ತರಬೇತಿಯ ಫೋಟೋವನ್ನು ಮೂರು ಯೋಜನೆಗೆ ತೋರಿಸುವವರೂ ಇದ್ದಾರೆ. ಜನರ ಅನುಮಾನ ಗಾಳಿಯಿಂದ ಬಂದದ್ದಲ್ಲ.

ಆದರೆ ಕಳ್ಳನನ್ನು ಹಿಡಿಯಲು ಸಂಬಳದ ಕಾಲಮು ನೋಡಿದರೆ ಸಾಲದು. ಕಳ್ಳ ಸಂಸ್ಥೆಯ ಆಡಳಿತ ವೆಚ್ಚ ಕಾಗದದ ಮೇಲೆ ಯಾವಾಗಲೂ ಕಡಿಮೆಯೇ ಇರುತ್ತದೆ. ನೋಡಬೇಕಾದದ್ದು ಬೇರೆ. ಇಂಥ ಊರಿನಲ್ಲಿ ಕೆಲಸ ಮಾಡುತ್ತೇವೆ ಎಂದರೆ ಆ ಊರಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಶಿಕ್ಷಕಿಗೋ ಅವರ ಪರಿಚಯ ಇದೆಯೇ? ಲೆಕ್ಕಪರಿಶೋಧನೆಯ ವರದಿ ಕೇಳಿದರೆ ಕೊಡುತ್ತಾರೆಯೇ? ನೀತಿ ಆಯೋಗದ ‘ಎನ್‌ಜಿಒ ದರ್ಪಣ’ ಜಾಲತಾಣದಲ್ಲಿ ಹೆಸರು ಇದೆಯೇ? ಕೆಲಸಗಾರರಿಗೆ ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆಯೇ, ಅಥವಾ ಸಹಿ ಒಂದು ಮೊತ್ತಕ್ಕೆ ಹಾಕಿಸಿಕೊಂಡು ಕೈಗೆ ಇನ್ನೊಂದು ಮೊತ್ತ ಕೊಡುತ್ತಾರೆಯೇ? ಕೊನೆಯ ಪ್ರಶ್ನೆಯನ್ನು ಕಾರ್ಯಾಲಯದಲ್ಲಿ ಕೇಳಬೇಡಿ, ಕಾರ್ಯಕರ್ತೆಯ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಕೇಳಿ.

ದಾನ ಕೊಡುವವರಿಗೆ ಎರಡು ಪ್ರಾಯೋಗಿಕ ಮಾತು. 80ಜಿ ಎಂದು ರೂಢಿಯಾಗಿರುವ ತೆರಿಗೆ ರಿಯಾಯಿತಿ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ನೌಕರದಾರರಿಗಂತೂ ಅದು ಇಲ್ಲವೇ ಇಲ್ಲ. ಹಾಗೆಯೇ, ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಅನಾಥಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮ ಕಡೆಯ ಒಳ್ಳೆಯ ರೂಢಿ. ಊಟಕ್ಕೆ ದಾನಿಗಳು ಸಾಕಷ್ಟಿದ್ದಾರೆ, ಆ ತಿಂಗಳ ಅಡುಗೆಯವಳ ಸಂಬಳಕ್ಕೆ ಎಷ್ಟು ಕೊಡಲಿ ಎಂದು ಒಮ್ಮೆ ಕೇಳಿ ನೋಡಿ. ವ್ಯವಸ್ಥಾಪಕರು ಒಂದು ಕ್ಷಣ ನಿಮ್ಮ ಮುಖ ನೋಡಿಯಾರು, ಬೇಡ ಎನ್ನಲಾರರು.

ಐದು ವರ್ಷದ ಕಾನೂನು, ಮೂರು ವರ್ಷದ ಯೋಜನೆ

ಕೊನೆಗೆ, ಯಾರ ಕಣ್ಣಿಗೂ ಬೀಳದ ಒಂದು ಸಾಲು. 1972ರ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಐದು ವರ್ಷ ಸತತ ದುಡಿದವರಿಗೆ ಉಪದಾನ, ಅಂದರೆ ಗ್ರಾಚ್ಯುಟಿ, ಸಿಗಬೇಕಿತ್ತು. ಆದರೆ ದಾನಿಗಳ ಯೋಜನೆ ಸಾಮಾನ್ಯವಾಗಿ ಎರಡು, ಮೂರು ವರ್ಷದ್ದು. ಮಾರ್ಚ್ 31ಕ್ಕೆ ಯೋಜನೆ ಮುಗಿದರೆ ನೇಮಕಾತಿಯೂ ಮುಗಿಯುತ್ತದೆ, ಹೊಸ ಯೋಜನೆಗೆ ಹೊಸ ಆದೇಶ, ಕೆಲವೊಮ್ಮೆ ಹೊಸ ಸಂಸ್ಥೆ. ಹದಿನೈದು ವರ್ಷ ಇದೇ ಕೆಲಸದಲ್ಲಿ ಸವೆದವರು ಕಾಗದದ ಮೇಲೆ ಎಲ್ಲೂ ಐದು ವರ್ಷ ಪೂರೈಸದೆ ಇರಬಹುದು. ಇನ್ನು ಸಂಬಳವನ್ನು ಗೌರವಧನ ಎಂದು ತೋರಿಸಿದರೆ ಭವಿಷ್ಯ ನಿಧಿಯೂ ತಪ್ಪಿಹೋಗುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಇಲ್ಲೊಂದು ಬದಲಾವಣೆ ತಂದಿದೆ. ನಿಗದಿತ ಅವಧಿಗೆ ನೇಮಕಗೊಂಡ ನೌಕರರಿಗೆ ಒಂದು ವರ್ಷ ತುಂಬಿದರೂ ಉಪದಾನದ ಹಕ್ಕುಂಟು. ಯೋಜನೆಯಿಂದ ಯೋಜನೆಗೆ ಜಿಗಿಯುವ ಕಾರ್ಯಕರ್ತರಿಗೆ ಇದರಿಂದ ದೊಡ್ಡ ಅನುಕೂಲ ಆಗಬಲ್ಲದು, ನೇಮಕಾತಿ ಆದೇಶದಲ್ಲಿ ಅವಧಿ ಮತ್ತು ವೇತನ ಸ್ಪಷ್ಟವಾಗಿ ಬರೆದಿದ್ದರೆ. ಅದಕ್ಕೆ ಹಣ ಎಲ್ಲಿಂದ ಬರಬೇಕು? ವರ್ಷಕ್ಕೆ ಹದಿನೈದು ದಿನಗಳ ವೇತನದಷ್ಟು ಮೊತ್ತವನ್ನು ಸಂಸ್ಥೆಗಳು ಬಜೆಟ್ಟಿನಲ್ಲಿ ಮೊದಲೇ ಸೇರಿಸಬೇಕಾಗುತ್ತದೆ. ಈ ವರ್ಷ ಪ್ರಸ್ತಾವ ಬರೆಯಲು ಕೂತಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾರ್ಯದರ್ಶಿಗಳು ಆ ಸಾಲನ್ನು ಬರೆಯಲಿ. ದಾನಿಗಳು ಅದನ್ನು ಹೊಡೆದುಹಾಕಿದರೆ, ಯಾಕೆ ಎಂದು ಲಿಖಿತವಾಗಿ ಕೇಳಲಿ.